ಸಡಿಲು ಎಲ್ಲಿದೆ, ಮೊದಲು ಅದನ್ನು ಹುಡುಕು

ತಮ್ಮಾ, ನಮ್ಮ ಗೋಗಿ ಊರಿನ ಹುಡುಗನೊಬ್ಬ ಕಿಟ್ ತರಿಸಿ ಕೈಯಾರೆ ವಿಮಾನ ಕಟ್ಟುತ್ತೇನೆಂದರೆ ನಗುವ ಕಾಲ ಹೋಯಿತು. 2019ರ ನವೆಂಬರಿನಲ್ಲಿ ನಮ್ಮ ಕಲಬುರಗಿಯಲ್ಲೇ ವಿಮಾನ ನಿಲ್ದಾಣ ಶುರುವಾಯಿತು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟಿಕೊಳ್ಳುವವರಿಗೆಂದೇ ರೂಪಿಸಿದ ಲಾಂಗ್-ಈಜಿ ವಿಮಾನದ ಮಾದರಿಯಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1987ರಲ್ಲೇ ಎಲ್‌ಸಿಆರ್‌ಎ ಎಂಬ ವಿಮಾನ ಕಟ್ಟಿ ಹಾರಿಸಿದರು. 1993ರಲ್ಲಿ ಅವರದೇ ಹಂಸ ವಿಮಾನ ಮೇಲೇರಿತು. ಕಟ್ಟುವುದನ್ನು ಕಲಿಸಲು ಬೇರೆಯವರಿದ್ದಾರೆ. ಸವೆಯುವುದನ್ನು ಗುರುತಿಸುವ ಬಗೆ ನನ್ನಿಂದ ಕೇಳಿಕೋ.

ವಿಮಾನವನ್ನು ಹೊರಳಿಸುವ ಏಲರಾನ್, ಎಲಿವೇಟರ್, ರಡ್ಡರ್ ಎಂಬ ಫಲಕಗಳೆಲ್ಲವೂ ತಿರುಗುವುದು ಬಿಜಾಗರಿಯ ಮೇಲೆ. ಹಲವು ಪುಟ್ಟ ವಿಮಾನಗಳಲ್ಲಿ ಅದು ಉದ್ದನೆಯ ಪಿಯಾನೋ ಹಿಂಜ್: ಅಲ್ಯೂಮಿನಿಯಂ ಕಣ್ಣುಗಳ ಸಾಲು, ಒಳಗೊಂದು ಉಕ್ಕಿನ ಪಿನ್. ಎಂಜಿನ್ನಿನ ನಡುಕಕ್ಕೆ ಎರಡೂ ತಿಕ್ಕಾಡಿ ಕಣ್ಣು ಅಗಲವಾಗುತ್ತದೆ, ಪಿನ್ ತೆಳುವಾಗುತ್ತದೆ. ಹಿಂಜಿನ ಸುತ್ತ ಬಣ್ಣದ ಮೇಲೆ ಕರಿ ಗೆರೆ ಕಂಡರೆ ಜಿಡ್ಡೆಂದು ಒರೆಸಿ ಸುಮ್ಮನಾಗಬೇಡ. ಅದು ಲೋಹ ತೇದು ಬಂದ ಪುಡಿ.

ಇನ್ನು ಪರೀಕ್ಷೆ. ಸ್ಟಿಕ್ಕನ್ನು ಅಲುಗದಂತೆ ಕಟ್ಟು. ಏಲರಾನಿನ ಹಿಂದಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸು. ಅಲುಗಿತೇ? ಕೂಡಲೇ ಹಿಂಜನ್ನು ದೂರಬೇಡ. ಸ್ನೇಹಿತನೊಬ್ಬನ ಬೆರಳನ್ನು ಹಿಂಜಿನ ಎರಡು ಭಾಗ ಕೂಡುವ ಕಡೆ ಇಡಿಸಿ ಮತ್ತೆ ಆಡಿಸು. ಹಿಂಜ್ ತನ್ನ ಜಾಗದಲ್ಲೇ ನಿಂತು ಏಲರಾನ್ ಮಾತ್ರ ತಿರುಗಿದರೆ ದೋಷ ಪುಶ್‌ರಾಡಿನ ತುದಿಯಲ್ಲೋ, ಬೆಲ್‌ಕ್ರ್ಯಾಂಕಿನ ಬೋಲ್ಟಿನಲ್ಲೋ, ಕೇಬಲ್ಲಿನಲ್ಲೋ ಇದೆ. ಕೂಡಿದ ಜಾಗವೇ ಮೇಲೆ ಕೆಳಗೆ, ಹಿಂದೆ ಮುಂದೆ ಸರಿದರೆ ಸವೆದದ್ದು ಹಿಂಜೇ. ಒಂದು ತುದಿಯಲ್ಲಿ ನೋಡಿ ಬಿಡಬೇಡ, ಉದ್ದಕ್ಕೂ ನೋಡು. ಪಿನ್ ಎಳೆದು ಮೈಕ್ರೋಮೀಟರಿನಲ್ಲಿ ಅಳೆ. ತುದಿ ಸರಿಯಿದ್ದು ನಡುವೆ ಸವೆದಿರಬಹುದು.

ಈ ಫಲಕಗಳ ಹಿಂದಂಚಿನಲ್ಲಿರುವ ಪುಟ್ಟ ಪಟ್ಟಿ, ಟ್ರಿಮ್ ಟ್ಯಾಬ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರು. ಹಿಂಜಿನಿಂದ ಹಿಂದಂಚಿನವರೆಗಿನ ಅಗಲದ ನೂರಕ್ಕೆ 2.5 ಭಾಗಕ್ಕಿಂತ ಹೆಚ್ಚು ಅಲುಗಾಟ ಸಲ್ಲದೆಂಬುದು ಸಣ್ಣ ವಿಮಾನಗಳಿಗೆ ಅಮೆರಿಕದಲ್ಲಿ ಹಾಕಿಕೊಂಡ ಅಳತೆ. 80 ಮಿಲಿಮೀಟರಿನ ಟ್ಯಾಬ್ ಆದರೆ ಒಟ್ಟು 2 ಮಿಲಿಮೀಟರು, ಅಷ್ಟೇ. ನಿನ್ನ ಕಿಟ್ಟಿನ ಕೈಪಿಡಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಕೈಪಿಡಿಯ ಮಾತೇ ಮಾತು. ಇಷ್ಟು ಸಣ್ಣ ಅಳತೆಗೆ ಯಾಕೆ ಇಷ್ಟು ಹಟ ಅನ್ನುತ್ತೀಯಾ? ವೇಗ ಏರಿದಾಗ ಆ ಸಡಿಲಿನಿಂದಲೇ ಫ್ಲಟರ್ ಎಂಬ, ತಾನಾಗಿಯೇ ಬೆಳೆಯುವ ನಡುಕ ಹುಟ್ಟಬಹುದು. ಹುಟ್ಟಿದರೆ ಕೆಲವೇ ಕ್ಷಣಗಳಲ್ಲಿ ಬಾಲವನ್ನೇ ಮುರಿಯುವಷ್ಟು ಬೆಳೆಯಬಲ್ಲದು.

ನಮ್ಮ ಎರೆಹೊಲದ ಬೇಸಿಗೆ ಧೂಳು ನಿನಗೆ ಗೊತ್ತು. ಅದು ದಪ್ಪ ಗ್ರೀಸಿಗೆ ಅಂಟಿದರೆ ಹಿಂಜನ್ನು ಅರದಂತೆ ತಿನ್ನುತ್ತದೆ. ಮೇಲಾಗಿ ಗ್ರೀಸು ತುಂಬಿದ ಹಿಂಜ್ ಕೈಗೆ ಬಿಗಿಯಾಗಿದೆ ಎನ್ನಿಸಿ ನಿನ್ನನ್ನೇ ಮೋಸಗೊಳಿಸುತ್ತದೆ. ಆದ್ದರಿಂದ ಮೊದಲು ಒರೆಸು, ಆಮೇಲೆ ಪರೀಕ್ಷಿಸು, ಕೊನೆಗೆ ಕೈಪಿಡಿ ಹೇಳಿದ ಎಣ್ಣೆ ಹಾಕು. ಕಣ್ಣುಗಳು ದುಂಡಗೇ ಇದ್ದು ಪಿನ್ ಮಾತ್ರ ಸವೆದಿದ್ದರೆ ಹೊಸ ಪಿನ್ ಸಾಕು. ಕಣ್ಣೇ ಅಂಡಾಕಾರವಾಗಿದ್ದರೆ ಹಿಂಜನ್ನೇ ಬದಲಿಸು; ದಪ್ಪ ಪಿನ್ ತುರುಕಿ ಸಮಾಧಾನಪಟ್ಟುಕೊಳ್ಳಬೇಡ. ಬದಲಿಸಿದ ಮೇಲೆ, ಬಣ್ಣ ಬಳಿದ ಮೇಲೂ, ಏಲರಾನಿನ ತೂಕದ ಸಮತೋಲ ಮತ್ತೆ ನೋಡಲೇಬೇಕು.

ಅಳೆದದ್ದನ್ನು ತಾರೀಖಿನ ಸಮೇತ ಲಾಗ್‌ಬುಕ್ಕಿನಲ್ಲಿ ಬರೆ. ಹಿಂದಿನ ಸಲಕ್ಕಿಂತ ಹೆಚ್ಚಿದ್ದರೆ ಕಾರಣ ಸಿಗುವ ತನಕ ಹಾರಬೇಡ, ಯಾರು ಒತ್ತಾಯಿಸಿದರೂ ಹಾರಬೇಡಪ್ಪಾ.