ಡಿಸ್ಕು ಕೆಟ್ಟಿತೆಂದು ನಿರ್ಣಯಿಸುವ ಮುನ್ನ

ಕಳೆದ ವರ್ಷ ನಮ್ಮ ಶಾಲಾ ಕಚೇರಿಯ ಗಣಕಯಂತ್ರದಲ್ಲಿ, ಹತ್ತನೆಯ ತರಗತಿಯ ಅಂಕಪಟ್ಟಿಗಳಿದ್ದ ಎರಡನೆಯ ಡಿಸ್ಕು ಕೆಲಸದ ನಡುವೆಯೇ ಕಾಣದಂತಾಯಿತು. ನೋಡಲು ಬಂದ ದುರಸ್ತಿಗಾರರು ಅದನ್ನು ತೆಗೆದುಹಾಕಿ ಹೊಸದನ್ನು ಕೊಳ್ಳುವಂತೆ ಹೇಳಿದರು. ಅಂಕಪಟ್ಟಿಗಳಿಗೆ ಬೇರೆ ಪ್ರತಿ ಇರಲಿಲ್ಲ. ಅದು ನಮ್ಮದೇ ತಪ್ಪೆಂದು ಪೋಷಕರ ಮುಂದೆ ಒಪ್ಪಿಕೊಳ್ಳುತ್ತೇವೆ.

ವಿದ್ಯಾರ್ಥಿಗಳು ಮೊದಲು ತಿಳಿಯತಕ್ಕ ಸಂಗತಿಯೊಂದುಂಟು. ಲಿನಕ್ಸು ಡಿಸ್ಕಿನೊಡನೆ ನೇರವಾಗಿ ವ್ಯವಹರಿಸುವುದಿಲ್ಲ. ನಡುವೆ ಕೇಬಲ್ ಇದೆ. ಡಿಸ್ಕನ್ನು ಆಳುವ ಕಂಟ್ರೋಲರ್ ಎಂಬ ಚಿಪ್ಪು ಇದೆ. ಆ ಚಿಪ್ಪಿನ ಭಾಷೆಯನ್ನು ಬಲ್ಲ ಡ್ರೈವರ್ ಎಂಬ ತಂತ್ರಾಂಶವಿದೆ. ಇವುಗಳಲ್ಲಿ ಯಾವುದು ಕೆಟ್ಟರೂ ಡಿಸ್ಕೇ ಕೆಟ್ಟಂತೆ ತೋರುವುದು. ಆದರೆ ಒಂದೊಂದರ ಕುರುಹೂ ಬೇರೆ.

‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ‘ಕೆ’ ಆಯ್ಕೆಯೊಡನೆ ಕೊಟ್ಟರೆ ಕಂಟ್ರೋಲರಿನ ಹೆಸರೂ ಅದನ್ನು ನಡೆಸುತ್ತಿರುವ ಡ್ರೈವರಿನ ಹೆಸರೂ ದೊರೆಯುತ್ತವೆ. ಕಂಟ್ರೋಲರೇ ಪಟ್ಟಿಯಲ್ಲಿಲ್ಲದಿದ್ದರೆ, ವಿದ್ಯುತ್ತನ್ನು ಆರಿಸಿ ಕಾರ್ಡನ್ನು ಮತ್ತೆ ಬಿಗಿಯಾಗಿ ಕೂರಿಸತಕ್ಕದ್ದು. ಅದು ಇದ್ದು ಡ್ರೈವರಿನ ಸಾಲು ಇಲ್ಲವಾದರೆ ಮೊದಲು ಶಂಕಿಸತಕ್ಕದ್ದು ತಂತ್ರಾಂಶವನ್ನು. 2019ರಲ್ಲಿ ಹೊರಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಹಲವು ಹಳೆಯ ಕಂಟ್ರೋಲರುಗಳ ಬೆಂಬಲವನ್ನು ಕೈಬಿಟ್ಟಿತು. ಎಲ್‌ಎಸ್‌ಐ ಎಸ್‌ಎಎಸ್ 2008 ಎಂಬ ಚಿಪ್ಪು ಅವುಗಳಲ್ಲೊಂದು. 7ನೆಯ ಆವೃತ್ತಿಯಲ್ಲಿ ಸುಗಮವಾಗಿ ನಡೆಯುತ್ತಿದ್ದ ಡಿಸ್ಕುಗಳು 8ನೆಯದರಲ್ಲಿ ಮಾಯವಾದುವು. ಯಾವ ಡಿಸ್ಕೂ ಕೆಟ್ಟಿರಲಿಲ್ಲ! ಇಎಲ್‌ರೆಪೊ ಎಂಬ ಬಳಗವು ಆ ಡ್ರೈವರನ್ನು ಬೇರೆಯಾಗಿ ಒದಗಿಸಿತು.

ನಮ್ಮ ಯಂತ್ರದಲ್ಲಾದರೋ ಎರಡೂ ಹೆಸರುಗಳಿದ್ದುವು. ಆದುದರಿಂದ, ಯಂತ್ರವನ್ನು ಆರಿಸುವ ಮೊದಲೇ ‘ಡಿಮೆಸ್ಗ್’ ಆಜ್ಞೆಯಿಂದ ಲಿನಕ್ಸಿನ ತಿರುಳಾದ ಕರ್ನೆಲ್ ಬರೆದಿಟ್ಟ ದಿನಚರಿಯನ್ನು ಓದಿದೆವು. ಸಂಪರ್ಕವು ಮತ್ತೆ ಮತ್ತೆ ಕಡಿದುದರಿಂದ ಕರ್ನೆಲ್ಲು ಅದರ ವೇಗವನ್ನು ಸೆಕೆಂಡಿಗೆ 6 ಗಿಗಾಬಿಟ್‌ನಿಂದ 3ಕ್ಕೂ, ಬಳಿಕ 1.5ಕ್ಕೂ ಇಳಿಸಿ, ಕೊನೆಗೆ ಕೈಬಿಟ್ಟಿತ್ತು. ನಮ್ಮ ಶಂಕೆ ಕೇಬಲಿನ ಕಡೆಗೆ ತಿರುಗಿತು. ವಿದ್ಯುತ್ತನ್ನು ಆರಿಸಿ ಹೊಸ ಕೇಬಲನ್ನು ಜೋಡಿಸಿದೆವು, ಡಿಸ್ಕು ಕಾಣಿಸಿತು. ಎಲ್ಲಕ್ಕಿಂತ ಮೊದಲು ಅಂಕಪಟ್ಟಿಗಳ ಪ್ರತಿಯನ್ನು ತೆಗೆದುಕೊಂಡೆವು.

ಅನಂತರ ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದುಕೊಳ್ಳುವ ‘ಸ್ಮಾರ್ಟ್’ ಪಟ್ಟಿಯನ್ನು ನೋಡಿದೆವು. ಕೆಟ್ಟ ಭಾಗಗಳನ್ನು ಎಣಿಸುವ 5 ಮತ್ತು 197ನೆಯ ಸಾಲುಗಳಲ್ಲಿ ಸೊನ್ನೆ. ಸಾಗಾಟದಲ್ಲಿ ಕೆಟ್ಟ ದತ್ತಾಂಶವನ್ನು ಎಣಿಸುವ 199ನೆಯ ಸಾಲಿನಲ್ಲಿ ದೊಡ್ಡ ಅಂಕೆ. ಕೇಬಲನ್ನು ಬದಲಿಸಿದ ಮಾತ್ರಕ್ಕೆ ಈ ಅಂಕೆ ಇಳಿಯದು. ಅದು ಏರುತ್ತಿದೆಯೇ ಎಂಬುದನ್ನಷ್ಟೇ ಗಮನಿಸಬೇಕು. ಅದನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟೆವು. ಒಂದು ತಿಂಗಳು ಪ್ರತಿ ಮುಂಜಾನೆ ವಿದ್ಯಾರ್ಥಿಗಳು ತಾಳೆ ನೋಡಿದರು. ಒಂದೂ ಹೆಚ್ಚಲಿಲ್ಲ.