ಮೆಡಿಕಲ್ ಸ್ಕೂಲ್ ಸಂದರ್ಶನಕ್ಕೆ ಹೊರಟವಳಿಗೆ

ಪುಟ್ಟಿ,

ಸಂದರ್ಶನಕ್ಕೆ ಕರೆ ಬಂದಿದೆ ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ಸಂತೋಷ ಒಂದೇ ಮಾತಿನಲ್ಲಿ ಮುಗಿಯಿತು, ಆಮೇಲೆ ಪೂರ್ತಿ ನಿನ್ನ ಇಂಗ್ಲಿಷಿನದೇ ಚಿಂತೆ. ಒಂಬತ್ತನೇ ಕ್ಲಾಸಿನವರೆಗೆ ತೀರ್ಥಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ, ಅಮೆರಿಕದಲ್ಲೇ ಹುಟ್ಟಿ ಬೆಳೆದವರ ಎದುರು ಹೇಗೆ ನಿಲ್ಲುತ್ತಾಳೆ ಅಂತ ಅವಳ ಅಳಲು. ಉಚ್ಚಾರಣೆ ತಿದ್ದಿಸಿಕೊಳ್ಳಲು ಗಂಟೆಗಿಷ್ಟು ಡಾಲರ್ ಕೊಟ್ಟು ತರಬೇತಿಗೆ ಸೇರುವ ಯೋಚನೆಯೂ ನಿನಗಿದೆಯಂತೆ. ಸೇರಬೇಡ. ಉಳಿದಿರುವ ದಿನಗಳಲ್ಲಿ ಮಾಡಬೇಕಾದ ಕೆಲಸ ಬೇರೆಯೇ ಇದೆ.

ಈ ಕರೆ ಅಂದರೆ ಏನು ಅನ್ನುವುದನ್ನು ಮೊದಲು ತಿಳಿದುಕೋ. ಊರಿನಲ್ಲಾದರೆ ನೀಟ್ ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸಿಕೊಂಡಾಯಿತು, ನಿನ್ನ ಮುಖ ಯಾರೂ ನೋಡುವುದಿಲ್ಲ. ಇಲ್ಲಿ ಅಂಕ ನೋಡಿದ ಮೇಲೆ ಮನುಷ್ಯರನ್ನು ನೋಡುತ್ತಾರೆ. ಸಾವಿರಗಟ್ಟಲೆ ಅರ್ಜಿಗಳಲ್ಲಿ ಕೆಲವರನ್ನಷ್ಟೇ ಕರೆಯುತ್ತಾರೆ. ಎಂಕ್ಯಾಟ್ ಪ್ರವೇಶ ಪರೀಕ್ಷೆಯಲ್ಲಿ ಕಾರ್ಸ್ ಅನ್ನುವ ಭಾಗವಿತ್ತಲ್ಲ, ವಿಜ್ಞಾನದ ಸೋಂಕಿಲ್ಲದ ಕಗ್ಗಂಟಿನ ಇಂಗ್ಲಿಷ್ ಗದ್ಯ ಓದಿ ಉತ್ತರಿಸುವುದು, ಅದನ್ನು ದಾಟಿದ್ದೀಯ. 5,300 ಅಕ್ಷರಗಳ ಮಿತಿಯೊಳಗೆ ನಿನ್ನ ಬಗ್ಗೆ ನೀನೇ ಪ್ರಬಂಧ ಬರೆದಿದ್ದೀಯ, ಅದನ್ನು ಓದಿಯೇ ಕರೆದಿದ್ದಾರೆ. ಇವಳಿಗೆ ಇಂಗ್ಲಿಷ್ ಬರುತ್ತದೆಯೇ ಅನ್ನುವುದು ಅವರ ಮಟ್ಟಿಗೆ ಮುಗಿದ ಪ್ರಶ್ನೆ. ಹೆದರಿ ಕೂತಿರುವ ಒಬ್ಬ ರೋಗಿಯ ಎದುರು ಇವಳನ್ನು ಕೂರಿಸಬಹುದೇ ಅನ್ನುವುದು ಈಗಿನ ಪ್ರಶ್ನೆ.

ಮಕ್ಕಳ ವೈದ್ಯೆಯಾಗಿ ಕೆಲಸ ಮಾಡುತ್ತಲೇ ನಾನೂ ಹಲವು ವರ್ಷ ಒಂದು ಮೆಡಿಕಲ್ ಸ್ಕೂಲಿನ ಪರವಾಗಿ ಅಭ್ಯರ್ಥಿಗಳನ್ನು ಸಂದರ್ಶಿಸಿದ್ದೇನೆ. ನಮಗೆ ಕೊಡುತ್ತಿದ್ದ ಹಾಳೆಯಲ್ಲಿ ಉಚ್ಚಾರಣೆಗೆ ಅಂತ ಒಂದು ಕಾಲಂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳೇ, ಎದುರಿನವರ ಮಾತು ಕಿವಿಗೆ ಹಾಕಿಕೊಂಡಳೇ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳೇ, ಇಂಥವಿದ್ದವು. ಈ ದೇಶದ ವೈದ್ಯರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಹೊರದೇಶದಲ್ಲಿ ಓದಿ ಬಂದವರು. ನಿನ್ನನ್ನು ಸಂದರ್ಶಿಸುವವರು ದಿನವಿಡೀ ಲಾಗೋಸ್, ಮನಿಲಾ, ಲಾಹೋರ್, ಹೈದರಾಬಾದಿನ ಇಂಗ್ಲಿಷ್ ಕೇಳಿಕೊಂಡೇ ಕೆಲಸ ಮಾಡುವವರು. ಎಲ್ಲರೂ ದೊಡ್ಡ ಮನಸ್ಸಿನವರು ಅಂತ ಸುಳ್ಳು ಹೇಳಲಾರೆ. ಹೆಸರು ಕೇಳಿದ ಕೂಡಲೇ ಹುಬ್ಬು ಗಂಟಿಕ್ಕುವವರೂ ಸಿಗುತ್ತಾರೆ. ಅಂಥವರಿಗೆ ನೀನು ಆಮದು ಮಾಡಿಕೊಂಡ ಉಚ್ಚಾರಣೆಯಿಂದಲೂ ತೃಪ್ತಿಯಾಗುವುದಿಲ್ಲ.

ನಿಜವಾಗಿ ಅಡ್ಡ ಬರುವುದು ವೇಗ. ಹೆದರಿಕೆಯಾದರೆ ನಮ್ಮವರು ಮಾತು ಓಡಿಸುತ್ತಾರೆ, ವಾಕ್ಯದ ಕೊನೆ ನುಂಗುತ್ತಾರೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ, ಇಂಗ್ಲಿಷಿನಲ್ಲಿ ಪದದ ಒಂದು ಭಾಗದ ಮೇಲೆ ಒತ್ತು ಬೀಳಬೇಕು. ವೇಗದ ಜೊತೆಗೆ ಒತ್ತೂ ತಪ್ಪಿದರೆ ಕೇಳುವವರ ಕೈಗೆ ಮಾತು ಸಿಗುವುದಿಲ್ಲ. ನಿಧಾನ ಮಾಡಿದರೆ ಮುಕ್ಕಾಲು ಪಾಲು ತಾನಾಗಿ ಸರಿಹೋಗುತ್ತದೆ. ಫೋನಿನಲ್ಲಿ ನಿನ್ನ ದನಿ ರೆಕಾರ್ಡ್ ಮಾಡಿ ಕೇಳು, ನಾಚಿಕೆಯಾದರೂ ಕೇಳು. ಯಾವ ಪದಗಳು ನಿನಗೇ ಅಸ್ಪಷ್ಟವೆನಿಸುತ್ತವೋ ಅಷ್ಟನ್ನು ತಿದ್ದಿಕೋ, ಮಿಕ್ಕಿದ್ದನ್ನು ಬಿಡು. ಹಾಂ, ಹೈಸ್ಕೂಲಿನಿಂದ ‘ಪಾಸ್ ಔಟ್’ ಆದೆ ಅಂತ ಮಾತ್ರ ಹೇಳಬೇಡ. ಇಲ್ಲಿ ಅದಕ್ಕೆ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಅರ್ಥ, ಕೇಳುವವರು ಡಾಕ್ಟರು ಬೇರೆ.

ಇನ್ನು ಉರು ಹೊಡೆಯುವ ವಿಷಯ. ಪ್ರಶ್ನೋತ್ತರ ಬಾಯಿಪಾಠ ಮಾಡಿಯೇ ನಾವೆಲ್ಲ ಎಸ್ಸೆಸ್ಸೆಲ್ಸಿ ದಾಟಿದ್ದು, ಹಾಗಾಗಿ ಬೇಡ ಅಂದರೂ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಬಾಯಿಪಾಠದ ಉತ್ತರ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ. ಕಣ್ಣು ಎಲ್ಲೋ ಮೇಲೆ ಹೋಗುತ್ತದೆ, ದನಿ ಸಪಾಟಾಗುತ್ತದೆ. ನಡುವೆ ಒಂದು ಪ್ರಶ್ನೆ ಹಾಕಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಇಂಗ್ಲಿಷ್ ಕೈಕೊಟ್ಟೀತು ಅನ್ನುವ ಭಯಕ್ಕೆ ನಮ್ಮ ಮಕ್ಕಳು ಇದನ್ನು ಇನ್ನಷ್ಟು ಮಾಡುತ್ತಾರೆ, ಅಲ್ಲೇ ಕೆಡುವುದು.

ಅದರ ಬದಲು ಹೀಗೆ ಮಾಡು. ನಿನ್ನ ಬದುಕಿನ ಐದಾರು ಪ್ರಸಂಗಗಳನ್ನು ಆರಿಸಿಕೋ. ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರ ಪಕ್ಕ ಕೂತು ಟಿಪ್ಪಣಿ ಬರೆಯುವ ಕೆಲಸದಲ್ಲಿ ಕಂಡದ್ದು, ಲ್ಯಾಬಿನಲ್ಲಿ ಪ್ರಯೋಗ ಕೈಕೊಟ್ಟದ್ದು, ಯಾರೊಡನೆಯೋ ಜಗಳವಾಗಿ ರಾಜಿಯಾದದ್ದು, ಯಾವುದಾದರೂ ಸರಿ. ಒಂದೊಂದನ್ನೂ ಮೊದಲು ಕನ್ನಡದಲ್ಲಿ ಅಪ್ಪನಿಗೆ ಹೇಳು. ಅವರು ನಡುವೆ ‘ಆಮೇಲೆ?’, ‘ಯಾಕೆ?’ ಅಂತ ಕೇಳಲಿ. ಮಾರನೇ ದಿನ ಅದನ್ನೇ ಇಂಗ್ಲಿಷಿನಲ್ಲಿ, ಬರೆದುಕೊಳ್ಳದೆ, ನಿನ್ನ ಸಹಪಾಠಿ ಒಬ್ಬಳಿಗೆ ಹೇಳು. ಇದು ಸುತ್ತುದಾರಿ ಅನ್ನಿಸಬಹುದು. ಆದರೆ ನೇರವಾಗಿ ಇಂಗ್ಲಿಷಿಗೆ ಹೋದರೆ ನಿನಗೆ ಮೊದಲು ಸಿಗುವುದು ಎಲ್ಲರೂ ಬಳಸಿ ಸವೆದ ವಾಕ್ಯ. ಜನಸೇವೆ ಅಂದರೆ ನನಗೆ ಪ್ರಾಣ ಅನ್ನುವ ಅರ್ಥದ ಮಾತನ್ನು ನಾನು ಎಷ್ಟು ಬಾಯಿಗಳಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಕನ್ನಡದಲ್ಲಿ ಅಪ್ಪನ ಮುಂದೆ ಅಂಥ ಮಾತು ಆಡಲು ನಿನಗೇ ಮುಜುಗರವಾಗುತ್ತದೆ. ಅವರೆದುರು ನಡೆದದ್ದನ್ನಷ್ಟೇ ಹೇಳುತ್ತೀಯ. ಸಂದರ್ಶನದಲ್ಲಿ ಬೇಕಾದದ್ದೂ ಅದೇ.

ನಿನ್ನ ಅರ್ಜಿಯ ಕರಡು ಓದಿದಾಗ ಒಂದು ಮಾತು ಹೇಳಬೇಕೆಂದುಕೊಂಡಿದ್ದೆ. ಅಜ್ಜಿಯ ವಿಷಯ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಜ್ಜಿ ನಿಮ್ಮ ಮನೆಯಲ್ಲಿದ್ದಾಗ ಅವಳನ್ನು ಕಿಡ್ನಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನೀನು, ಆಗ ನಿನಗೆ ಹದಿನಾರು. ಭಾರತದವರು ಅಂದಮೇಲೆ ಹಿಂದಿ ಅಂತ ಆಸ್ಪತ್ರೆಯವರು ಫೋನಿನಲ್ಲಿ ಹಿಂದಿ ದುಭಾಷಿಯನ್ನು ಹಿಡಿದುಕೊಟ್ಟರು. ಅಜ್ಜಿಗೆ ಹಿಂದಿಯ ಗಂಧವಿಲ್ಲ. ಕೊನೆಗೆ ನೀನೇ ಎರಡೂ ಕಡೆ ಮಾತು ದಾಟಿಸಿದೆ. ಡಾಕ್ಟರು ಡಯಾಲಿಸಿಸ್ ಬಗ್ಗೆ ಯೋಚಿಸಬೇಕು ಅಂದಾಗ ನೀನು ಅಜ್ಜಿಗೆ, ‘ಮಾತ್ರೆ ಬದಲಾಯಿಸ್ತಾರಂತೆ, ಉಪ್ಪು ಕಡಿಮೆ ಮಾಡ್ಬೇಕಂತೆ’ ಅಂದುಬಿಟ್ಟೆ. ಮನೆಗೆ ಬಂದು ಅಪ್ಪನ ಹತ್ತಿರ ಅಳುತ್ತಾ ಹೇಳಿದ್ದು ನನಗೆ ಗೊತ್ತು.

ಇದನ್ನು ನೀನು ಯಾಕೆ ಬಚ್ಚಿಟ್ಟೆ ಅನ್ನುವುದೂ ಗೊತ್ತು. ಕನ್ನಡದಲ್ಲಿ ನಡೆದ ಸಂಗತಿ, ಮನೆಯೊಳಗಿನದು, ಮೇಲಾಗಿ ಅದರಲ್ಲಿ ನಿನ್ನ ಸಾಧನೆ ಏನೂ ಇಲ್ಲ ಅನ್ನಿಸಿರಬೇಕು. ಆದರೆ ನಿನ್ನ ಜೊತೆ ಸಂದರ್ಶನಕ್ಕೆ ಬರುವ ಹಲವರು ಮಾತು ತಿಳಿಯದ ರೋಗಿಯ ಕಷ್ಟವನ್ನು ಪುಸ್ತಕದಲ್ಲಿ ಓದಿರುತ್ತಾರೆ. ನೀನು ಆ ಕೋಣೆಯಲ್ಲಿ ನಡುವಿನ ಕುರ್ಚಿಯಲ್ಲಿ ಕೂತಿದ್ದವಳು. ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದ ರೋಗಿಗೆ ಭಾಷೆಯ ನೆರವು ಕೊಡಬೇಕು ಅನ್ನುವುದಕ್ಕೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಆಧಾರ. ತುರ್ತು ಹೊತ್ತನ್ನು ಬಿಟ್ಟರೆ ಅಪ್ರಾಪ್ತ ಮಕ್ಕಳಿಂದ ಅನುವಾದ ಮಾಡಿಸಬಾರದು ಅಂತ ಆಮೇಲಿನ ಆರೋಗ್ಯ ನಿಯಮಗಳು ಹೇಳುತ್ತವೆ. ಆ ನಿಯಮ ಯಾಕಿದೆ ಅನ್ನುವುದಕ್ಕೆ ನಿನ್ನ ಆ ಮಧ್ಯಾಹ್ನವೇ ಉದಾಹರಣೆ. ಮಗುವಿಗೆ ಕೆಟ್ಟ ಸುದ್ದಿ ಹೇಳಲು ಬಾಯಿ ಬರುವುದಿಲ್ಲ, ಹೇಳದಿದ್ದರೆ ರೋಗಿಗೆ ತನ್ನ ದೇಹದ ಮೇಲಿನ ತೀರ್ಮಾನವೇ ಕೈತಪ್ಪುತ್ತದೆ.

ಇದನ್ನು ಹೇಳುವಾಗ ಆಸ್ಪತ್ರೆಯನ್ನು ಬೈಯುವುದಕ್ಕೆ ಹೊತ್ತು ಕಳೆಯಬೇಡ, ನಿನ್ನನ್ನು ನಾಯಕಿ ಮಾಡಿಕೊಳ್ಳಲೂ ಬೇಡ. ಡಾಕ್ಟರು ಏನಂದರು, ನೀನು ಏನು ಹೇಳಿದೆ, ಅಜ್ಜಿಗೆ ಏನು ತಿಳಿಯದೆ ಹೋಯಿತು, ಇವತ್ತಾದರೆ ಏನು ಮಾಡುತ್ತಿದ್ದೆ, ಇಷ್ಟೇ. ಸಣ್ಣ ಸಣ್ಣ ವಾಕ್ಯ ಸಾಕು. ಅಳು ಬಂದರೆ ಎರಡು ಕ್ಷಣ ಸುಮ್ಮನಿರು. ಮೌನಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ನಿನ್ನನ್ನು ಕರೆದಿರುವ ಎರಡು ಕಡೆಗಳಲ್ಲಿ ಒಂದರದು ಎಂಎಂಐ ಪದ್ಧತಿ ಅಂದಳು ನಿನ್ನಮ್ಮ. ಇದು ಕೆನಡಾದ ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದನ್ನು ರೂಪಿಸಿದವರು 2004ರಲ್ಲಿ ಅದರ ಬಗ್ಗೆ ಲೇಖನ ಪ್ರಕಟಿಸಿದರು, ಅಲ್ಲಿಂದ ಎಲ್ಲೆಡೆ ಹಬ್ಬಿತು. ಒಬ್ಬರೋ ಇಬ್ಬರೋ ಮಾತ್ರ ಮಾತಾಡಿಸಿದರೆ ಅವರ ಇಷ್ಟಾನಿಷ್ಟವೇ ತೀರ್ಪಾಗಿಬಿಡುತ್ತದೆ ಅಂತ, ಹಲವು ಸಣ್ಣ ಕೋಣೆಗಳಲ್ಲಿ ಒಬ್ಬೊಬ್ಬ ಪರೀಕ್ಷಕರನ್ನು ಕೂರಿಸುತ್ತಾರೆ. ಬಾಗಿಲ ಹೊರಗೆ ಒಂದು ಸನ್ನಿವೇಶ ಬರೆದು ಅಂಟಿಸಿರುತ್ತಾರೆ, ಓದಲು ಸುಮಾರು ಎರಡು ನಿಮಿಷ, ಒಳಗೆ ಮಾತಾಡಲು ಐದರಿಂದ ಎಂಟು ನಿಮಿಷ. ಗಂಟೆ ಬಾರಿಸಿದರೆ ಮುಂದಿನ ಕೋಣೆ. ನಿನ್ನಂಥವರಿಗೆ ಇದು ಒಳ್ಳೆಯದೇ. ಒಂದು ಕಡೆ ನಾಲಿಗೆ ತೊಡರಿದರೂ ಪಕ್ಕದ ಕೋಣೆಯವರಿಗೆ ಅದು ತಿಳಿದಿರುವುದಿಲ್ಲ. ಓದುವಾಗ ಕೊನೆಯ ಸಾಲನ್ನು ಮೊದಲು ಓದು, ಏನು ಮಾಡು ಅಂತ ಕೇಳಿದ್ದಾರೆ ಅನ್ನುವುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಒಂದು ಪದ ಅರ್ಥವಾಗದಿದ್ದರೆ ಒಳಗೆ ಹೋದಕೂಡಲೇ ಕೇಳಿಬಿಡು. ಅರ್ಥವಾದಂತೆ ನಟಿಸುವ ವಿದ್ಯಾರ್ಥಿಯನ್ನು ವಾರ್ಡಿಗೆ ಬಿಡಲು ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ.

ಇಂಥ ಒಂದು ಸನ್ನಿವೇಶ ಬಂದೇ ಬರುತ್ತದೆ ಅಂತಿಟ್ಟುಕೋ: ತಾಯಿಗೆ ಕ್ಯಾನ್ಸರ್, ಅವರಿಗೆ ಹೇಳಬೇಡಿ ಅಂತ ಮಗ ಡಾಕ್ಟರನ್ನು ಬೇಡಿಕೊಳ್ಳುತ್ತಾನೆ. ಇಲ್ಲಿ ಬೆಳೆದ ಹುಡುಗರು ರೋಗಿಯ ಸ್ವಾತಂತ್ರ್ಯ ಅಂತ ಒಂದೇ ಏಟಿಗೆ ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದು ತಪ್ಪಲ್ಲ, ಅರ್ಧ. ನಮ್ಮ ಊರಿನಲ್ಲಿ ರಿಪೋರ್ಟು ಮೊದಲು ಹೋಗುವುದು ಮಗನ ಕೈಗೆ ಅಥವಾ ಗಂಡನ ಕೈಗೆ, ರೋಗಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಆ ಮಗ ಕ್ರೂರಿಯಲ್ಲ, ಹೆದರಿದ್ದಾನೆ, ಅವನ ಮಾತನ್ನು ಮೊದಲು ಪೂರ್ತಿ ಕೇಳು. ಆಮೇಲೆ ತಾಯಿಯನ್ನೇ ಕೇಳು: ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು, ಯಾರಿಗೆ ಹೇಳಬೇಕು? ಎಲ್ಲ ನನ್ನ ಮಗನಿಗೇ ಹೇಳಿ ಅಂತ ಆಕೆ ಅಂದರೆ, ಅದೂ ಆಕೆಯ ತೀರ್ಮಾನವೇ. ಇಲ್ಲ, ನನಗೇ ಹೇಳಿ ಅಂದರೆ ಮಗನ ಬೇಡಿಕೆಗೆ ಕಟ್ಟುಬೀಳುವ ಹಾಗಿಲ್ಲ. ಸುಳ್ಳನ್ನಂತೂ ಹೇಳುವ ಹಾಗಿಲ್ಲ. ಊರಿನ ರೀತಿ, ಇಲ್ಲಿನ ರೀತಿ ಎರಡನ್ನೂ ನೀನು ಒಳಗಿನಿಂದ ಕಂಡವಳು. ‘ನಮ್ಮ ಸಂಸ್ಕೃತಿಯಲ್ಲಿ ಹೀಗೆ’ ಅಂತ ಇಡೀ ದೇಶದ ವಕೀಲಿಕೆ ಮಾಡಲು ಹೋಗಬೇಡ. ನಮ್ಮ ಮನೆಯಲ್ಲಿ ಹೀಗಾಗಿತ್ತು ಅನ್ನು.

ಅರ್ಜಿಯಲ್ಲಿ ಬಲ್ಲ ಭಾಷೆಗಳನ್ನೂ ಯಾವುದು ಯಾವ ಮಟ್ಟಕ್ಕೆ ಬರುತ್ತದೆ ಅನ್ನುವುದನ್ನೂ ನಮೂದಿಸಿದ್ದೀಯಲ್ಲ, ಹಿಂದಿಯ ಎದುರು ಏನು ಬರೆದಿದ್ದೀಯ ಅಂತ ಇನ್ನೊಮ್ಮೆ ನೋಡು. ಸಿನಿಮಾ ನೋಡಿ ಕಲಿತ ಹಿಂದಿಯನ್ನು ಚೆನ್ನಾಗಿ ಬರುತ್ತದೆ ಅಂತ ಬರೆದಿದ್ದರೆ, ಎದುರಿಗೆ ಕೂತವರು ಲಖನೌದವರಾಗಿದ್ದು ಹಿಂದಿಯಲ್ಲೇ ಮಾತು ತೆಗೆದರೆ ಫಜೀತಿ.

ಸಣ್ಣಪುಟ್ಟವು ಇನ್ನೂ ಇವೆ. ದೊಡ್ಡವರ ಮುಂದೆ ತಲೆ ತಗ್ಗಿಸುವುದು ನಮಗೆ ಮರ್ಯಾದೆ, ಇಲ್ಲಿ ಅದನ್ನು ಆತ್ಮವಿಶ್ವಾಸದ ಕೊರತೆಯಾಗಿಯೋ ಅಂಜಿಕೆಯಾಗಿಯೋ ಓದುತ್ತಾರೆ, ಕಣ್ಣು ನೋಡಿ ಮಾತಾಡು. ಹೌದು ಅನ್ನಬೇಕಾದಾಗ ಬಾಯಲ್ಲೂ ಹೇಳು, ನಮ್ಮ ತಲೆಯಾಡಿಸುವಿಕೆ ಇವರಿಗೆ ಒಗಟು. ನೀನು ಮಾಡಿದ್ದನ್ನು ‘ನಾವು ಮಾಡಿದೆವು’ ಅನ್ನುವ ವಿನಯ ಬಿಡು, ಮಾಡದ್ದನ್ನು ಮಾಡಿದೆ ಅನ್ನಬೇಡ. ಮದುವೆ, ಮಕ್ಕಳು, ಧರ್ಮದ ಬಗ್ಗೆ ಅವರು ಕೇಳಬಾರದು, ಕೇಳಿದರೆ ನಕ್ಕು ಓದಿನ ಕಡೆ ಮಾತು ತಿರುಗಿಸು, ಆಮೇಲೆ ಪ್ರವೇಶ ಕಚೇರಿಗೆ ತಿಳಿಸು. 2020ರ ಕೋವಿಡ್ ಕಾಲದಿಂದ ಎಷ್ಟೋ ಸಂದರ್ಶನಗಳು ಜೂಮ್‌ನಲ್ಲೇ ನಡೆಯುತ್ತಿವೆ. ಅದಕ್ಕೆ ಒಳ್ಳೆ ಮೈಕು ಇರುವ ಹೆಡ್‌ಸೆಟ್ಟು ಕೊಂಡುಕೋ, ಉಚ್ಚಾರಣೆ ತರಬೇತಿಯ ಒಂದು ಗಂಟೆಯ ದುಡ್ಡಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಪ್ರಶ್ನೆ ಮುಗಿಯಿತೇ ಅಂತ ಒಂದು ಕ್ಷಣ ಕಾದು ಮಾತಾಡು, ಇಲ್ಲದಿದ್ದರೆ ಇಬ್ಬರ ದನಿಯೂ ಒಟ್ಟಿಗೆ ಹೊರಟು ಗೊಂದಲವಾಗುತ್ತದೆ.

ಕೊನೆಯಲ್ಲಿ ನಿಮ್ಮ ಕಡೆಯಿಂದ ಪ್ರಶ್ನೆಯೇನಾದರೂ ಇದೆಯೇ ಅಂತ ಕೇಳುತ್ತಾರೆ. ವೆಬ್‌ಸೈಟಿನಲ್ಲಿ ಇರುವುದನ್ನು ಕೇಳಬೇಡ. ದುಭಾಷಿಯ ಮೂಲಕ ರೋಗಿಯನ್ನು ಮಾತಾಡಿಸುವುದನ್ನು ನಿಮ್ಮಲ್ಲಿ ವಿದ್ಯಾರ್ಥಿಗಳಿಗೆ ಯಾವ ವರ್ಷದಲ್ಲಿ ಕಲಿಸುತ್ತೀರಿ, ಅಪರೂಪದ ಭಾಷೆಯವರು ಬಂದರೆ ಏನು ಮಾಡುತ್ತೀರಿ ಅಂತ ಕೇಳು. ನಿನಗೆ ನಿಜವಾಗಿ ತಿಳಿಯಬೇಕಾದದ್ದು ಅದೇ ಅಲ್ಲವೇ? ಉತ್ತರ ಹೇಗೆ ಬರುತ್ತದೆ ಅನ್ನುವುದರ ಮೇಲೆ ಆ ಸ್ಕೂಲನ್ನು ನೀನೂ ಅಳೆಯಬಹುದು. ಧನ್ಯವಾದದ ಇಮೇಲ್ ಕಳಿಸುವ ಮೊದಲು ಅವರ ಸೂಚನೆ ಓದು, ಕಳಿಸಬೇಡಿ ಅನ್ನುವ ಸ್ಕೂಲುಗಳೂ ಇವೆ.

ಶನಿವಾರ ಸಂಜೆ ಫೋನ್ ಮಾಡು, ಅಜ್ಜಿಯ ಪ್ರಸಂಗ ಇಂಗ್ಲಿಷಿನಲ್ಲಿ ಹೇಳಿ ತೋರಿಸು. ಪ್ರಶ್ನೆ ಕೇಳುವುದು ನಾನಲ್ಲ, ನಿನ್ನ ದೊಡ್ಡಪ್ಪ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ವೈದ್ಯಕೀಯ ಅವರಿಗೆ ಅಷ್ಟಕ್ಕಷ್ಟೇ, ಈಗ ಕಿವಿಯೂ ಸ್ವಲ್ಪ ಮಂದ. ಅವರಿಗೆ ಅರ್ಥವಾಗುವಷ್ಟು ನಿಧಾನ ಹೇಳು.

ನಿನ್ನ ದೊಡ್ಡಮ್ಮ