ಕೇಳಿ, ಬರೆದು ಕೇಳಿ: ಬಿಳಿಗೆರೆಯ ಹೆಣ್ಣುಮಕ್ಕಳಿಗೆ, ವಿಶೇಷಚೇತನರಿಗೆ ಕೆಲಸ ಗೆಲ್ಲುವ 8 ಸೂತ್ರಗಳು

ಬಿಳಿಗೆರೆಯಲ್ಲಿ ಕುಳಿತು ‘ಕೆಲಸ ಎಲ್ಲಿದೆ?’ ಎಂದು ಕೇಳಬೇಡಿ. ನಂಜನಗೂಡು ತಾಲ್ಲೂಕಿನಲ್ಲೇ ತಾಂಡ್ಯ, ಹಿಮ್ಮಾವು ಕೈಗಾರಿಕಾ ಪ್ರದೇಶಗಳಿವೆ. ನೆಸ್ಲೆ, ಏಷ್ಯನ್ ಪೇಂಟ್ಸ್‌ನಂಥ ದೊಡ್ಡ ಕಂಪನಿಗಳಿವೆ. ಅಲ್ಲಿಂದ ಮುಂದೆ ಮೈಸೂರು. ಆದರೆ ‘ಅದು ಗಂಡು ಹುಡುಗರ ಕೆಲಸ’, ‘ಕಾಲು ಸರಿ ಇಲ್ಲದವನನ್ನು ಯಾರು ತಗೋತಾರೆ’ ಎಂಬ ಮಾತು ಮನೆ ಜಗಲಿಯಲ್ಲೇ ಶುರುವಾಗುತ್ತದೆ. ಕಂಪನಿಯ ಗೇಟು ತಲುಪುವ ಮೊದಲೇ ಅರ್ಜಿ ಸತ್ತುಹೋಗುತ್ತದೆ. ಇದನ್ನು ನಿಲ್ಲಿಸಿ.

1. ನಿಮ್ಮನ್ನು ನೀವೇ ರಿಜೆಕ್ಟ್ ಮಾಡಿಕೊಳ್ಳಬೇಡಿ

ಅನುಮಾನ ಒಂದು ಚಟ. ಅರ್ಜಿ ಹಾಕುವುದೇ ಅದಕ್ಕೆ ಮದ್ದು. ಕುಣಿಗಲ್ ತಾಲ್ಲೂಕಿನ ಹಳ್ಳಿಯ ಕೆಂಪಹೊನ್ನಯ್ಯ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಮೈಸೂರಿನಲ್ಲಿ ಕನ್ನಡ ಉಪನ್ಯಾಸಕರಾಗಿದ್ದ ಅವರು 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 340ನೇ ರ‍್ಯಾಂಕ್ ಪಡೆದು ಐಎಎಸ್ ಸೇರಿದರು. ಪುಸ್ತಕಗಳನ್ನು ಪತ್ನಿ ಓದಿ ರೆಕಾರ್ಡ್ ಮಾಡಿಕೊಟ್ಟರು, ಅವರು ಕೇಳಿ ಕಲಿತರು. ಓದುವ ದಾರಿ ಬದಲಾಯಿತು, ಗುರಿ ಬದಲಾಗಲಿಲ್ಲ. ನಿಮ್ಮ ದಾರಿ ಯಾವುದು? ಈ ವಾರವೇ ತೀರ್ಮಾನಿಸಿ.

2. ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ

ವಿಶೇಷಚೇತನರ ಈ ಗುರುತಿನ ಚೀಟಿ ಇಲ್ಲದಿದ್ದರೆ ಮೀಸಲಾತಿ ಬರೀ ಬಾಯಿಮಾತು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಿ. ಕಾರ್ಡಿನ ಮೇಲಿನ ಬಣ್ಣದ ಪಟ್ಟಿ ನೋಡಿ: ವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಾದರೆ ನೀಲಿ. ಮೀಸಲಾತಿಗೆ ಕನಿಷ್ಠ ಶೇ 40 ಬೇಕು. ವಿಶೇಷಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಥಲಸೇಮಿಯಾ, ಆಸಿಡ್ ದಾಳಿಯ ಗಾಯ, ಕಲಿಕಾ ನ್ಯೂನತೆ ಕೂಡ ಪಟ್ಟಿಯಲ್ಲಿವೆ. ‘ನಮ್ಮದು ಅಂಗವಿಕಲತೆ ಅಲ್ಲ ಬಿಡಿ’ ಎಂದು ನೀವೇ ತೀರ್ಪು ಕೊಡಬೇಡಿ, ಅದು ವೈದ್ಯರ ಕೆಲಸ. ಅರ್ಜಿ ತುಂಬಲು ಗೊತ್ತಾಗದಿದ್ದರೆ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಅವರನ್ನು ಹಿಡಿಯಿರಿ. ಈ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವುದೇ ಇದಕ್ಕೆ.

3. ಟ್ರೇಡ್ ಆರಿಸುವಾಗ ಸಂಬಳ ನೋಡಿ, ಸಂಪ್ರದಾಯ ನೋಡಬೇಡಿ

ಹೆಣ್ಣುಮಕ್ಕಳಿಗೆ ಟೈಲರಿಂಗ್, ವಿಶೇಷಚೇತನರಿಗೆ ಎಸ್‌ಟಿಡಿ ಬೂತ್. ಈ ಹಳೇ ಲೆಕ್ಕವನ್ನು ಬದಿಗಿಡಿ. ಬೂತ್‌ಗಳು ಹೋಗಿ ಎಷ್ಟೋ ವರ್ಷವಾಯಿತು, ಆ ಯೋಚನೆ ಮಾತ್ರ ಉಳಿದಿದೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕೇಳಿ. ನಂಜನಗೂಡಿನ ಫ್ಯಾಕ್ಟರಿಗೆ ಬೇಕಾಗಿರುವುದು ಅವೇ. ಅಪ್ರೆಂಟಿಸ್‌ಶಿಪ್‌ಗೂ ನೋಂದಾಯಿಸಿಕೊಳ್ಳಿ. ಮೈಸೂರಿನಲ್ಲಿ ವಿಶೇಷಚೇತನರಿಗಾಗಿಯೇ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ, 1991ರಿಂದ ಡಿಪ್ಲೊಮಾ ಕೊಡುತ್ತಿದೆ. ಸ್ವಂತ ಉದ್ಯೋಗ ಬೇಕೆನ್ನುವವರಿಗೆ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿಯೊಂದಿಗೆ ಉಚಿತ ತರಬೇತಿ ಇದೆ. ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಶೇಷಚೇತನರಿಗೆ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಡಬೇಡಿ.

4. ಪರೀಕ್ಷೆಗೆ ಮೊದಲೇ ಸ್ಕ್ರೈಬ್ ಕೇಳಿ

ಬರೆಯಲು ಕಷ್ಟವಿದ್ದರೆ ಸಹಾಯಕ ಬರಹಗಾರ, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಶೇ 40 ಇಲ್ಲದಿದ್ದರೂ ಸ್ಕ್ರೈಬ್ ಕೇಳಬಹುದು. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಪರೀಕ್ಷೆಯ ದಿನ ಬೆಳಿಗ್ಗೆ ಕೇಳಿದರೆ ಯಾರೂ ಕೊಡಲಾರರು. ಅರ್ಜಿಯ ಜೊತೆಗೇ ಕೇಳಿ.

5. ಇಂಟರ್‌ವ್ಯೂನಲ್ಲಿ ಬರುವ ಆ ಎರಡು ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿ

‘ಮದುವೆ ಯಾವಾಗ?’ ಎಂದರೆ ತಲೆ ತಗ್ಗಿಸಬೇಡಿ. ‘ಸರ್, ಮೂರು ವರ್ಷದಲ್ಲಿ ಲೈನ್ ಸೂಪರ್‌ವೈಸರ್ ಆಗೋದು ನನ್ನ ಪ್ಲಾನ್. ಅದಕ್ಕೆ ಇಲ್ಲಿ ಏನು ಟ್ರೈನಿಂಗ್ ಸಿಗುತ್ತೆ?’ ಎನ್ನಿ. ಮಾತು ಕೆಲಸದ ಕಡೆ ತಿರುಗುತ್ತದೆ. ‘ನಿಮ್ಮ ಕೈಲಿ ಇದು ಆಗುತ್ತಾ?’ ಎಂದರೆ ವಿವರಣೆ ಕೊಡಬೇಡಿ, ಮಾಡಿ ತೋರಿಸಿ. ಕಣ್ಣು ಕಾಣದವರು ಲ್ಯಾಪ್‌ಟಾಪ್ ಒಯ್ದು, ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಹಾಕಿ, ಎಕ್ಸೆಲ್ ಶೀಟ್ ಒಂದನ್ನು ಅವರೆದುರೇ ಸಿದ್ಧಪಡಿಸಿ. ಎರಡು ನಿಮಿಷದ ಡೆಮೊ ಮಾಡುವ ಕೆಲಸವನ್ನು ಹತ್ತು ಸರ್ಟಿಫಿಕೇಟ್ ಮಾಡುವುದಿಲ್ಲ.

6. ಬೇಕಾದ್ದನ್ನು ಇಮೇಲ್‌ನಲ್ಲಿ ಕೇಳಿ

ರ‍್ಯಾಂಪ್, ನೆಲಮಹಡಿಯಲ್ಲಿ ಸೀಟು, ಮೀಟಿಂಗ್‌ಗೆ ಸಂಜ್ಞಾ ಭಾಷೆಯ ನೆರವು: ಇವು ದಯೆಯಲ್ಲ, 2016ರ ಕಾಯ್ದೆ ಹೇಳುವ ಸೂಕ್ತ ಹೊಂದಾಣಿಕೆ. ಪ್ರತಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು. ಹೀಗೆ ಬರೆಯಿರಿ: ‘ನಾನು ಗಾಲಿಕುರ್ಚಿ ಬಳಸುತ್ತೇನೆ. ನನ್ನ ವಿಭಾಗ ಮೊದಲ ಮಹಡಿಯಲ್ಲಿದೆ. ನೆಲಮಹಡಿಯಲ್ಲಿ ಟೇಬಲ್ ಕೊಟ್ಟರೆ ಪೂರ್ತಿ ಶಿಫ್ಟ್ ಕೆಲಸ ಮಾಡಬಲ್ಲೆ. ಸಂಸ್ಥೆಯ ಸಮಾನ ಅವಕಾಶ ನೀತಿಯ ಪ್ರತಿ ಕಳಿಸಿ.’ ನಾಲ್ಕು ವಾಕ್ಯ ಸಾಕು. ಬಾಯಲ್ಲಿ ಕೇಳಿದ್ದು ಮರೆತುಹೋಗುತ್ತದೆ, ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಬರೆದು ಕೇಳುವ ಶಕ್ತಿ ಎಂಥದ್ದು ಎಂದು ತಿಳಿಯಲು ಪಕ್ಕದ ಕೊಡಗಿನ ಸಿ.ಬಿ. ಮುತ್ತಮ್ಮ ಅವರನ್ನು ನೋಡಿ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾಗಲು ಮಹಿಳಾ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇತ್ತು. ಬಡ್ತಿ ತಪ್ಪಿದಾಗ ಅವರು ಗೊಣಗುತ್ತಾ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿದ್ದಾಗಲೇ ಬಡ್ತಿ ಬಂತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಆಮೇಲೆ ಸೇವೆಗೆ ಬಂದ ಹೆಣ್ಣುಮಕ್ಕಳ ಹಾದಿ ಹಗುರಾಯಿತು. ನಿಮ್ಮ ಒಂದು ಇಮೇಲ್ ಕೂಡ ಹಿಂದೆ ಬರುವವರಿಗೆ ದಾರಿ.

7. ಪ್ರಯಾಣ, ಶಿಫ್ಟ್, ಸುರಕ್ಷತೆ: ಮೊದಲೇ ಲೆಕ್ಕ ಹಾಕಿ

ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಬಸ್ ಚಾರ್ಜು ಇನ್ನು ನೆಪವಲ್ಲ. ಉಳಿದ ಹಣವನ್ನು ಕೋರ್ಸ್‌ಗೆ ಹಾಕಿ. ವಿಶೇಷಚೇತನರು ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಮಾಡಿಸಿ, ಮನೆಯಿಂದ 100 ಕಿ.ಮೀ. ವ್ಯಾಪ್ತಿಗೆ ನಡೆಯುತ್ತದೆ. ಕಾರ್ಖಾನೆಗಳ ರಾತ್ರಿ ಪಾಳಿಗೆ ಕರ್ನಾಟಕ 2019ರಲ್ಲೇ ಮಹಿಳೆಯರಿಗೆ ಅವಕಾಶ ಕೊಟ್ಟಿದೆ. ಆದರೆ ನಿಮ್ಮ ಲಿಖಿತ ಒಪ್ಪಿಗೆ, ಮನೆಯವರೆಗೆ ವಾಹನ ಎರಡೂ ಬೇಕು. ವಾಹನ ಇಲ್ಲದಿದ್ದರೆ ಸಹಿ ಹಾಕಬೇಡಿ. 10 ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಡ್ಡಾಯ. ಕೆಲಸಕ್ಕೆ ಸೇರಿದ ದಿನವೇ ಸದಸ್ಯರ ಹೆಸರು ಬರೆದಿಟ್ಟುಕೊಳ್ಳಿ. ದೂರಿಗೆ 3 ತಿಂಗಳ ಗಡುವಿದೆ.

8. ಗ್ರಾಮಸಭೆಗೆ ಹೋಗಿ

ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಶೇಷಚೇತನರಿಗಾಗಿ ಖರ್ಚು ಮಾಡಬೇಕು. ಎದ್ದು ನಿಂತು ಕೇಳಿ: ಕಳೆದ ವರ್ಷ ಎಷ್ಟು ಖರ್ಚಾಯಿತು, ಯಾವುದಕ್ಕೆ? ಕಂಪ್ಯೂಟರ್ ತರಬೇತಿಗೆ ಯಾಕೆ ಕೊಡಬಾರದು? ನಿಮ್ಮ ಜೊತೆ ಇನ್ನಿಬ್ಬರನ್ನು ಕರೆದೊಯ್ಯಿರಿ. ಪ್ರಶ್ನೆ, ಉತ್ತರ ಎರಡೂ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂರಬೇಡಿ.